ವಾರಂಟಿ ಮುಗೀತು, ಇನ್ಮೇಲೆ ಆಯಿಲ್ ಯಾರು ಚೇಂಜ್ ಮಾಡೋದು?

ಮೊನ್ನೆ ಶನಿವಾರ ಬೆಳಗ್ಗೆ ಸ್ಕೂಲ್ ಮುಗಿಸ್ಕೊಂಡು ಬಂದು ಎಂಟನೇ ಕ್ಲಾಸಿನ ಟೆಸ್ಟ್ ಪೇಪರ್ ತಿದ್ದುತಾ ಕೂತಿದ್ದೆ, ಸರ್ವಿಸ್ ಸೆಂಟರಿಂದ ಫೋನು. "ಮೇಡಂ, ನಿಮ್ಮ ಗಾಡಿಗೆ ಈ ತಿಂಗಳು ಐದು ವರ್ಷ ತುಂಬುತ್ತೆ, ವಾರಂಟಿ ಮುಗಿಯುತ್ತೆ, ಸರ್ವಿಸ್ಸೂ ಡ್ಯೂ ಇದೆ, ಯಾವತ್ತು ಬುಕ್ ಮಾಡ್ಲಿ?" ಪ್ರತಿ ಸಲ ತಕ್ಷಣ ಒಂದು ಡೇಟ್ ಹೇಳ್ಬಿಡ್ತಿದ್ದೆ. ಈ ಸಲ ಬಾಯಿಗೆ ಬರ್ಲಿಲ್ಲ. ಯೋಚ್ನೆ ಮಾಡಿ ಹೇಳ್ತೀನಿ ಅಂದು ಇಟ್ಟೆ, ಅವತ್ತಿಂದ ನಿಜವಾಗ್ಲೂ ಅದನ್ನೇ ಯೋಚ್ನೆ ಮಾಡ್ತಿದೀನಿ, ಅದ್ಕೆ ಇಲ್ಲಿ ಬರೀತಿದೀನಿ.

ನಮ್ಮದು ಆಲ್ದೂರಿನ ಹತ್ರ ನಾಲ್ಕು ಎಕರೆ ಕಾಫಿ, ಮಧ್ಯ ಮಧ್ಯ ಮೆಣಸು. ನಾನು ಚಿಕ್ಕಮಗಳೂರಿನ ಒಂದು ಹೈಸ್ಕೂಲಲ್ಲಿ ಸೈನ್ಸ್ ಹೇಳ್ಕೊಡ್ತೀನಿ. ದಿನಾ ಹೋಗಿ ಬರೋದು ನಲವತ್ತು ಕಿಲೋಮೀಟ್ರು, ಐದು ವರ್ಷಕ್ಕೆ 52 ಸಾವಿರ ಓಡಿದೆ. ಸಣ್ಣ ಪೆಟ್ರೋಲ್ ಕಾರು, ಕಂಪನಿ ಹೆಸರು ಬೇಡ, ಯಾಕಂದ್ರೆ ನಾನು ಹೇಳೋ ವಿಷಯ ಯಾವ ಕಂಪನಿ ಕಾರಿಗಾದ್ರೂ ಒಂದೇ. ಅಪ್ಪ ಮೂವತ್ತು ವರ್ಷ ಎಸ್ಟೇಟಲ್ಲಿ ಡ್ರೈವರ್ ಆಗಿದ್ದೋರು, ಸಾಹುಕಾರ್ರ ಎಂಎಂ 540 ಜೀಪು ಅವರ ಕೈಯಲ್ಲೇ ಇತ್ತು, ಮಳೆಗಾಲದಲ್ಲಿ ಆ ಜೀಪಿಗೆ ಏನೇ ಆದ್ರೂ ಪೇಟೆಗೆ ತಗೊಂಡು ಹೋಗೋ ಮಾತೇ ಇರ್ಲಿಲ್ಲ, ಶೆಡ್ಡಲ್ಲೇ ಬಿಚ್ಚೋರು, ನಾನು ಟಾರ್ಚ್ ಹಿಡ್ಕೊಂಡು ನಿಲ್ತಿದ್ದೆ. ಹಂಗಾಗಿ ನಟ್ಟು ಬೋಲ್ಟು ಕಂಡ್ರೆ ನಂಗೆ ಹೆದರಿಕೆ ಇಲ್ಲ. ಆದ್ರೂ ಮೊದಲ ನಾಲ್ಕು ವರ್ಷ ಈ ಕಾರಿನ ಬಾನೆಟ್ ಎತ್ತಿದ್ದು ಬರೀ ವೈಪರ್ ನೀರು ಹಾಕೋಕೆ. ವಾರಂಟಿ ಹೋಗ್ಬಿಟ್ರೆ ಅನ್ನೋ ಭಯ.

ಮೊದಲು ಅವರ ಒಳ್ಳೇದು ಹೇಳ್ಬೇಕು. ಮೂರನೇ ವರ್ಷದಲ್ಲಿ ಸ್ಟೀರಿಂಗ್ ತಿರುಗಿಸಿದ್ರೆ ಕಟಕಟ ಅಂತ ಸೌಂಡ್ ಬರೋಕೆ ಶುರುವಾಯ್ತು, ನಮ್ಮ ತೋಟದ ರಸ್ತೆ ಹಂಗಿದೆ ಅಂತ ನಾನು ಸುಮ್ನಿದ್ದೆ. ಸರ್ವಿಸ್ ಸೆಂಟರಿನ ಒಬ್ಬ ಹುಡುಗ ತಾನೇ ಓಡ್ಸಿ ನೋಡಿ, ಇಲ್ಲ ಮೇಡಂ ಇದು ಎಲೆಕ್ಟ್ರಿಕ್ ಪವರ್ ಸ್ಟೀರಿಂಗಿನ ಕಾಲಮ್ಮಿಂದ ಬರ್ತಿದೆ ಅಂತ ಹೇಳಿ, ಕಂಪನಿಗೆ ಎರಡು ಮೂರು ಸಲ ಬರೆದು, ಪೂರ್ತಿ ಪಾರ್ಟ್ ತರಿಸಿ ಒಂದು ರೂಪಾಯಿ ಇಲ್ದೆ ಹಾಕ್ಕೊಟ್ಟ. ಆ ಪಾರ್ಟಿಗೆ ನಾನೇ ದುಡ್ಡು ಕೊಟ್ಟಿದ್ರೆ ಒಂದು ತಿಂಗಳ ಸಂಬಳದಲ್ಲಿ ದೊಡ್ಡ ಪಾಲು ಹೋಗ್ತಿತ್ತು. ಅದಕ್ಕೇ ಯಾರಾದ್ರೂ ಹೊಸ ಕಾರು ತಗೊಂಡ್ರೆ ನಾನು ಹೇಳೋದು, ವಾರಂಟಿ ಇರೋವರೆಗೆ ಕಣ್ಮುಚ್ಕೊಂಡು ಅಲ್ಲೇ ಹೋಗಿ, ಬಿಲ್ಲುಗಳನ್ನೆಲ್ಲ ಒಂದು ಫೈಲಲ್ಲಿ ಇಡಿ. ಫ್ರೀ ಸರ್ವಿಸ್ ಅಂದ್ರೆ ಸಾಮಾನ್ಯವಾಗಿ ಲೇಬರ್ ಮಾತ್ರ ಫ್ರೀ, ಆಯಿಲ್ ಫಿಲ್ಟರ್ ದುಡ್ಡು ನಮ್ದೇ, ಅದು ಗೊತ್ತಿರ್ಲಿ.

ಹೋದ ವರ್ಷದ ಬಿಲ್ 9,180 ರೂಪಾಯಿ. ಫೋನ್ ಬಂದ ದಿನ ರಾತ್ರಿ ಅದನ್ನ ತೆಗೆದು ಪೆನ್ಸಿಲ್ಲಲ್ಲಿ ಮೂರು ಭಾಗ ಮಾಡಿದೆ. ಇಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಎಸಿ ಫಿಲ್ಟರ್, ಒಂದು ವಾಷರ್, ಇವು 3,370. ಲೇಬರ್, ವೀಲ್ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಸೇರಿ ಮೂರು ಸಾವಿರ. ಉಳಿದ 2,810 ಯಾವುದಕ್ಕೆ ಅಂದ್ರೆ ಇಂಜಿನ್ ಫ್ಲಶ್ (ಅಂದ್ರೆ ಇಂಜಿನ್ ಒಳಗೆ ತೊಳೆಯೋದು), ಥ್ರಾಟಲ್ ಬಾಡಿ (ಇಂಜಿನ್ನಿಗೆ ಗಾಳಿ ಬಿಡೋ ಭಾಗ) ಕ್ಲೀನಿಂಗ್, ಎಸಿಗೆ ವಾಸನೆ ಹೋಗೋ ಸ್ಪ್ರೇ, ಕಾರಿನ ಅಡಿಭಾಗಕ್ಕೆ ತುಕ್ಕು ಹಿಡೀದಂಗೆ ಕೋಟಿಂಗ್. ಇವು ಯಾವುವೂ ಮ್ಯಾನುಯಲ್ಲಿನ ಮೆಂಟೆನೆನ್ಸ್ ಟೇಬಲ್ಲಲ್ಲಿ ಇಲ್ಲ. ನಾನು ಕೂತು ನೋಡಿದೀನಿ, ಒಂದೂ ಇಲ್ಲ. ಟೈಮಿಗೆ ಸರಿಯಾಗಿ ಆಯಿಲ್ ಬದಲಾಯಿಸೋ ಇಂಜಿನ್ನಿಗೆ ಫ್ಲಶ್ ಯಾಕೆ ಬೇಕು? ಮಲೆನಾಡಿನ ಮಳೆಗೆ ಅಡಿ ಕೋಟಿಂಗ್ ಒಂದು ಮಾತ್ರ ಒಪ್ಕೊಳ್ತೀನಿ, ತುಕ್ಕು ಇಲ್ಲಿ ನಿಜ. ಉಳಿದಿದ್ದಕ್ಕೆ ಸೈನ್ ಮಾಡಿದ್ದು ನಾನೇ, ಬೆಳಗ್ಗೆ ಎಂಟೂವರೆಗೆ ಬಸ್ಸು ಹಿಡಿಯೋ ಗಡಿಬಿಡೀಲಿ ಜಾಬ್ ಕಾರ್ಡ್ ಓದದೇ ಸೈನ್ ಹಾಕಿದ್ದು.

ದುಡ್ಡು ಒಂದೇ ಆಗಿದ್ರೆ ನಾನು ಇಷ್ಟು ತಲೆ ಕೆಡಿಸ್ಕೊಳ್ತಿರ್ಲಿಲ್ಲ. ನನ್ನ ಮನಸ್ಸು ತಿರುಗಿದ್ದು ಚಾರ್ಮಾಡಿ ಘಾಟಿಯಲ್ಲಿ.

ಹೋದ ವರ್ಷ ದಸರಾ ರಜದಲ್ಲಿ ಧರ್ಮಸ್ಥಳಕ್ಕೆ ಹೊರಟ್ವಿ, ಸರ್ವಿಸ್ ಮಾಡ್ಸಿ ಎರಡು ತಿಂಗಳೂ ಆಗಿರ್ಲಿಲ್ಲ. ಕಾರಲ್ಲಿ ನಾನು, ನಮ್ಮನೆಯವ್ರು, ಅತ್ತೆ, ಇಬ್ಬರು ಮಕ್ಕಳು, ಡಿಕ್ಕಿ ತುಂಬ ಲಗೇಜು. ಓಡಿಸ್ತಿದ್ದಿದ್ದು ನಾನು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಇಳಿಯೋಕೆ ಶುರು ಮಾಡಿದ್ವಿ, ಮಂಜು, ಮುಂದೆ ಒಂದು ಲಾರಿ, ಹಿಂದೆ ಹಾರ್ನ್ ಹೊಡೀತಿದ್ದ ಜೀಪು, ನಾನು ಮೂರನೇ ಗೇರಲ್ಲಿ ಇಟ್ಕೊಂಡು ಬ್ರೇಕ್ ಒತ್ತುತಾ ಒತ್ತುತಾ ಇಳೀತಿದ್ದೆ, ಅದು ನನ್ನ ತಪ್ಪು, ಎರಡನೇ ಗೇರಲ್ಲಿ ಇಳೀಬೇಕಿತ್ತು. ಅರ್ಧ ಘಾಟಿ ಇಳಿಯೋ ಹೊತ್ತಿಗೆ ಸುಟ್ಟ ವಾಸನೆ ಬಂತು. ಆಮೇಲೆ ಒಂದು ತಿರುವಲ್ಲಿ ಪೆಡಲ್ ಒತ್ತಿದ್ರೆ ಸ್ಪಾಂಜ್ ಒತ್ತಿದಂಗೆ ಮೆತ್ತಗೆ ಕೆಳಗೆ ಹೋಯ್ತು, ಹೋಯ್ತು, ಹೋಗ್ತಾನೇ ಇತ್ತು. ಗಾಡಿ ನಿಲ್ತಿಲ್ಲ. ಎರಡಕ್ಕೆ ಹಾಕಿ, ಒಂದಕ್ಕೆ ಹಾಕಿ, ಹ್ಯಾಂಡ್‌ಬ್ರೇಕ್ ಸ್ವಲ್ಪ ಸ್ವಲ್ಪವಾಗಿ ಎಳೆದು, ಅಂಚಿನ ಅಗಲ ಜಾಗ ಒಂದಕ್ಕೆ ತಂದು ನಿಲ್ಸಿದೆ. ನಮ್ಮ ಕಾರಿನ ಹ್ಯಾಂಡ್‌ಬ್ರೇಕ್ ಕೇಬಲ್ಲಿಂದ ಕೆಲಸ ಮಾಡುತ್ತೆ, ಬ್ರೇಕ್ ಆಯಿಲ್‌ಗೂ ಅದಕ್ಕೂ ಸಂಬಂಧ ಇಲ್ಲ, ಅದೇ ನಮ್ಮನ್ನ ಉಳಿಸಿದ್ದು. ಅತ್ತೆ ಮಂಜುನಾಥಸ್ವಾಮಿ ಅಂತ ಕಣ್ಮುಚ್ಚಿ ಕೂತಿದ್ರು. ಪಕ್ಕದ ಝರಿಯಿಂದ ಯಾರೋ ಬಾಟಲಿಯಲ್ಲಿ ನೀರು ತಂದು ಚಕ್ರಕ್ಕೆ ಹಾಕೋಕೆ ಹೋದ್ರು, ಬೇಡ ಅಂದೆ, ಕಾದ ಡಿಸ್ಕಿಗೆ ತಣ್ಣೀರು ಬಿದ್ರೆ ಅದು ಸೊಟ್ಟ ಆಗ್ಬಹುದು, ಬಿರುಕೂ ಬಿಡಬಹುದು. ಮುಕ್ಕಾಲು ಗಂಟೆ ಬಿಟ್ಟು ನೋಡಿದ್ರೆ ಪೆಡಲ್ ಮತ್ತೆ ಗಟ್ಟಿ, ಏನೂ ಆಗೇ ಇಲ್ಲ ಅನ್ನೋ ಥರ.

ಇದು ಯಾಕೆ ಹಿಂಗಾಗುತ್ತೆ ಅನ್ನೋದು ನಾನು ಮಕ್ಕಳಿಗೆ ಹೇಳ್ಕೊಡೋ ಪಾಠವೇ. ಬ್ರೇಕ್ ಆಯಿಲ್ ಅಂತ ಕರೀತೀವಿ, ಆದ್ರೆ ಅದು ಎಣ್ಣೆ ಅಲ್ಲ, ಗ್ಲೈಕಾಲ್ ಜಾತಿಯ ದ್ರವ, ಗಾಳಿಯಲ್ಲಿರೋ ತೇವ ಹೀರ್ಕೊಳ್ಳೋದು ಅದರ ಗುಣ. ಡಾಟ್ 4 ಅನ್ನೋ ಗ್ರೇಡು ಹೊಸದಾಗಿದ್ದಾಗ ಕಮ್ಮಿ ಅಂದ್ರೂ 230 ಡಿಗ್ರಿವರೆಗೆ ಕುದಿಯಬಾರದು ಅನ್ನೋದು ನಿಯಮ, ಆದ್ರೆ ಅದರೊಳಗೆ ನೂರಕ್ಕೆ 3.7 ಭಾಗ ನೀರು ಸೇರಿದ್ರೆ ಆ ಮಿತಿ 155ಕ್ಕೆ ಇಳಿಯುತ್ತೆ. ಡಾಟ್ 3 ಆದ್ರೆ 205 ಇದ್ದಿದ್ದು 140. ಘಾಟಿ ಇಳಿಯೋವಾಗ ಬ್ರೇಕ್ ಪ್ಯಾಡಿನ ಬಿಸಿ ಅದನ್ನ ಡಿಸ್ಕಿಗೆ ಒತ್ತೋ ಕ್ಯಾಲಿಪರ್‌ಗೆ, ಅಲ್ಲಿಂದ ಒಳಗಿನ ದ್ರವಕ್ಕೆ ಹೋಗಿ ಅದು ಕುದಿದು ಆವಿ ಗುಳ್ಳೆ ಆಗುತ್ತೆ, ದ್ರವ ಒತ್ತಿದ್ರೆ ಕುಗ್ಗಲ್ಲ, ಆವಿ ಕುಗ್ಗುತ್ತೆ, ನಮ್ಮ ಕಾಲಿನ ಒತ್ತಡ ಎಲ್ಲ ಗುಳ್ಳೆ ಒತ್ತೋದ್ರಲ್ಲೇ ಮುಗಿದೋಗುತ್ತೆ. ತಣ್ಣಗಾದ್ರೆ ಆವಿ ಮತ್ತೆ ದ್ರವ, ಪೆಡಲ್ ಮತ್ತೆ ಗಟ್ಟಿ. ಎರಡು ವರ್ಷಕ್ಕೊಂದು ಸಲ ಬದಲಾಯಿಸಿ ಅಂತ ನಮ್ಮ ಮ್ಯಾನುಯಲ್ಲಲ್ಲಿದೆ. ಜೂನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೂ ಬೆವರೋ ಊರಲ್ಲಿ ಎರಡು ವರ್ಷ ಕಾಯೋದೂ ಜಾಸ್ತಿ ಅಂತ ನನಗನ್ಸುತ್ತೆ.

ವಾಪಸ್ ಬಂದು ಬಿಲ್ಲುಗಳ ಫೈಲು ತೆಗೆದೆ. ನಾಲ್ಕು ವರ್ಷದಲ್ಲಿ ಒಂದು ಸಲವೂ ಬ್ರೇಕ್ ಆಯಿಲ್ ಬದಲಾಯಿಸಿಲ್ಲ. ಪ್ರತಿ ಚೆಕ್‌ಲಿಸ್ಟಲ್ಲಿ 'ಬ್ರೇಕ್ ಫ್ಲೂಯಿಡ್' ಅನ್ನೋದ್ರ ಮುಂದೆ 'ಓಕೆ' ಅಂತ ಟಿಕ್. ಡಬ್ಬಿಯಲ್ಲಿ ಲೆವೆಲ್ ಸರಿ ಇದ್ರೆ ಓಕೆ, ಅದರೊಳಗೆ ಎಷ್ಟು ನೀರು ಸೇರಿದೆ ಅಂತ ಯಾರೂ ನೋಡಿಲ್ಲ. ಹೋಗಿ ಕೇಳ್ದೆ. ಕೌಂಟರಲ್ಲಿದ್ದೋರು ಬೈದುಕೊಳ್ಳಲೂ ಇಲ್ಲ, ಸಾರಿ ಅನ್ನಲೂ ಇಲ್ಲ, "ನೀವು ಕಂಪ್ಲೇಂಟ್ ಹೇಳಿದ್ರೆ ಮಾಡ್ತಿದ್ವಿ ಮೇಡಂ" ಅಂದ್ರು. ಈಗ ಮಾಡಿ, ನಾನು ಪಕ್ಕ ನಿಂತು ನೋಡ್ತೀನಿ ಅಂದೆ. ಒಳಗೆ ಬರೋ ಹಾಗಿಲ್ಲ, ಸೇಫ್ಟಿ ರೂಲ್ಸು, ಲಾಂಜಲ್ಲಿ ಕೂತ್ಕೊಳಿ, ಕಾಫಿ ಕೊಡಿಸ್ತೀನಿ, ಸರ್ ಬಂದಿಲ್ವಾ ಅಂತ ಕೇಳಿದ್ರು. ಅವತ್ತು ನಂಗೆ ತುಂಬ ನೋವಾಯ್ತು. ನನ್ನ ಮಕ್ಕಳು ಕೂತ ಗಾಡಿಯ ಬ್ರೇಕು ಅದು, ಅದನ್ನ ನೋಡೋಕೆ ಗಾಜಿನಾಚೆ ನಿಂತ್ಕೋಬೇಕಾ?

ಅಪ್ಪನ ಪರಿಚಯದ ಭಾಯ್ ಒಬ್ರು ಕೆ.ಎಂ. ರೋಡಲ್ಲಿ ಗ್ಯಾರೇಜ್ ಇಟ್ಟಿದಾರೆ, ಅಲ್ಲಿಗೆ ಹೋದೆ. ಅವರು ಮೊದಲು ಮಾಡಿದ್ದು ಬ್ರೇಕ್ ಆಯಿಲ್ ಡಬ್ಬಿ ಮುಚ್ಚಳ ತೆಗೆದು, ಎಷ್ಟು ನೀರು ಸೇರಿದೆ ಅಂತ ಹೇಳೋ ಟೆಸ್ಟರ್ ಪೆನ್ ಅದ್ದಿ ಕೆಂಪು ಲೈಟ್ ತೋರ್ಸಿದ್ದು. "ನೋಡಕ್ಕಾ, ಡಿಕಾಕ್ಷನ್ ಆಗೋಗಿದೆ" ಅಂದ್ರು, ನಿಜವಾಗ್ಲೂ ಫಿಲ್ಟರ್ ಕಾಫಿ ಡಿಕಾಕ್ಷನ್ ಬಣ್ಣವೇ, ಹೊಸದು ತಿಳಿ ಜೇನಿನ ಥರ ಇರುತ್ತೆ. ಆಮೇಲೆ ನನ್ನನ್ನೇ ಸೀಟಲ್ಲಿ ಕೂರ್ಸಿ, ಹಳೇ ದ್ರವ ಹೊರಗೆ ತೆಗೆಯೋಕೆ ಅವರು ಹಿಂದಿನ ಎಡ ಚಕ್ರದ ಹತ್ರ ಪೈಪ್ ಹಾಕ್ಕೊಂಡು ಕೂತ್ರು. "ಒತ್ತಿ ಅಕ್ಕ, ಒತ್ತಿ, ಒತ್ತಿ, ಹಿಡೀರಿ, ಬಿಡ್ಬೇಡಿ... ಹ್ಞಾಂ ಈಗ ಬಿಡಿ." ಪೆಡಲ್ ಒತ್ತಿದಾಗ ದ್ರವ ತಳ್ಳೋ ಮಾಸ್ಟರ್ ಸಿಲಿಂಡರಿಂದ ದೂರ ಇರೋ ಚಕ್ರದಿಂದ ಶುರು ಮಾಡಿ ಹತ್ರ ಇರೋದಕ್ಕೆ ಬರೋದು ಅಂತೆ. ಪ್ರತಿ ಚಕ್ರದಿಂದ ಕಪ್ಪು ಬಂದು, ಕಂದು ಬಂದು, ಕೊನೆಗೆ ತಿಳಿ ಬರೋವರೆಗೆ ಬಾಟಲಿ ಎತ್ತಿ ತೋರಿಸ್ತಿದ್ರು. ಮುಕ್ಕಾಲು ಗಂಟೆ ಕೆಲಸ. ನನ್ನ ಕಾಲು ನೋವು ಬಂತು, ಆದ್ರೆ ನಾಲ್ಕು ವರ್ಷದಲ್ಲಿ ಮೊದಲ ಸಲ ನನ್ನ ಕಾರಿಗೆ ಏನು ಮಾಡಿದ್ರು ಅಂತ ನಂಗೆ ಗೊತ್ತಿತ್ತು.

ಅಲ್ಲಿಂದ ನನ್ನ ತೂಕದ ಕಲ್ಲೇ ಬದಲಾಯ್ತು. ಶೋರೂಮಾ, ಗ್ಯಾರೇಜಾ, ನಾನೇನಾ ಅನ್ನೋದಕ್ಕಿಂತ ಮುಂಚೆ ನಾನು ಕೇಳ್ಕೊಳ್ಳೋದು ಎರಡೇ. ಕೆಲಸ ಆಗಿದೆ ಅಂತ ನನ್ನ ಕಣ್ಣಿಗೆ ಕಾಣುತ್ತಾ? ತಪ್ಪಾದ್ರೆ ಗೊತ್ತಾಗೋದು ನಮ್ಮ ಅಂಗಳದಲ್ಲಾ, ಘಾಟಿಯಲ್ಲಾ? ಏರ್ ಫಿಲ್ಟರ್ ತಪ್ಪಾಗಿ ಹಾಕಿದ್ರೆ ಅಂಗಳದಲ್ಲೇ ಗೊತ್ತಾಗುತ್ತೆ, ಕ್ಲಿಪ್ ಕೂರಲ್ಲ. ಬ್ರೇಕ್ ತಪ್ಪಾದ್ರೆ ಮಂಜಿನೊಳಗೆ, ತಿರುವಲ್ಲಿ ಗೊತ್ತಾಗೋದು.

ಕಾರು ವಾರಂಟಿಯಲ್ಲಿ ಇದ್ದಿದ್ರಿಂದ ಇಂಜಿನ್ ಆಯಿಲ್ ಬದಲಾಯಿಸೋದನ್ನ ನಾನು ಕಲಿತಿದ್ದು ತೋಟದ ಹಳೇ ಓಮ್ನಿಯಲ್ಲಿ, ಗೊಬ್ಬರ ಮೂಟೆ ಹೊರೋಕೆ ಇಟ್ಟಿರೋದು. ಐದು ನಿಮಿಷ ಇಂಜಿನ್ ಓಡ್ಸಿ ಆಫ್ ಮಾಡ್ಬೇಕು, ಆಯಿಲ್ ಬೆಚ್ಚಗಾದ್ರೆ ತೆಳ್ಳಗಾಗಿ ಸಲೀಸಾಗಿ ಇಳಿಯುತ್ತೆ, ಪೂರ್ತಿ ಕಾದಿದ್ರೆ ಕೈ ಸುಡುತ್ತೆ. ಅಪ್ಪ ಸ್ಟೂಲ್ ಹಾಕ್ಕೊಂಡು ಕೂತು ಹೇಳ್ತಿದ್ರು, ನಾನು ಗಾಡಿಯ ಕೆಳಗೆ ಹೋದೆ. ಎಲ್ಲ ಸರಿ ಹೋಯ್ತು ಅಂದ್ಕೊಂಡೆ. ಬೆಳಗ್ಗೆ ನೋಡಿದ್ರೆ ಕೆಳಗಿಟ್ಟಿದ್ದ ರಟ್ಟಿನ ಮೇಲೆ ಹಸ್ತದಗಲ ಕಲೆ. ಆಯಿಲ್ ಇಳಿಸೋಕೆ ಬಿಚ್ಚೋ ಡ್ರೈನ್ ಬೋಲ್ಟಿನ ಹಳೇ ವಾಷರನ್ನೇ ವಾಪಸ್ ಹಾಕಿದ್ದೆ. ಆ ವಾಷರ್ ಮೆತ್ತನೆ ಲೋಹದ್ದು, ಒಂದು ಸಲ ಒತ್ತಿ ಚಪ್ಪಟೆಯಾಗಿ ಸೀಲ್ ಆಗೋಕೆ ಇರೋದು, ಪ್ರತಿ ಸಲ ಹೊಸದು ಬೇಕು, ಇಪ್ಪತ್ತು ಮೂವತ್ತು ರೂಪಾಯಿ ಅಷ್ಟೇ. ನಾನು ಇನ್ನೂ ಬಿಗಿ ಮಾಡೋಕೆ ಹೋದೆ, ಅಪ್ಪ ಕೈ ಹಿಡಿದ್ರು. "ಮಗ, ಬಿಗಿ ಮಾಡಿದ್ರೆ ನಿಲ್ಲಲ್ಲ, ಥ್ರೆಡ್ ಹೋಗುತ್ತೆ. ಬಿಚ್ಚು, ಹೊಸ ವಾಷರ್ ಹಾಕು."

ಆ ಮಾತು ಕೇಳಿ, ಬೋಲ್ಟು ಎಷ್ಟು ಬಿಗಿಯಾಯ್ತು ಅಂತ ಹೇಳೋ ಸ್ಪ್ಯಾನರ್, ಒಂದು ಟಾರ್ಕ್ ರೆಂಚ್ ತಗೊಂಡೆ, 2,800 ಕೊಟ್ಟು. ನಮ್ಮ ಕಾರಿನ ಡ್ರೈನ್ ಬೋಲ್ಟಿಗೆ 35 ನ್ಯೂಟನ್ ಮೀಟರ್ ಅಂತ ಇದೆ. ಹಂಗಂದ್ರೆ ಎಷ್ಟು? ಕಾಲು ಮೀಟರ್ ಉದ್ದದ ಸ್ಪ್ಯಾನರಿನ ತುದಿಗೆ ಸುಮಾರು 14 ಕೆಜಿ ತೂಗು ಹಾಕಿದಷ್ಟು, ಅಷ್ಟೇ. ಗಂಡಸರು ಪೂರ್ತಿ ಮೈಭಾರ ಹಾಕಿ ಎಳೆಯೋದು ನೋಡಿದೀನಿ, ಈಗಿನ ಎಷ್ಟೋ ಕಾರುಗಳ ಆಯಿಲ್ ಸಂಪ್ ಅಲ್ಯೂಮಿನಿಯಮ್ಮು, ಥ್ರೆಡ್ ಹೋದ್ರೆ ಸಂಪನ್ನೇ ಬದಲಾಯಿಸ್ಬೇಕಾಗಬಹುದು. ಇನ್ನು ಆಯಿಲ್ ಫಿಲ್ಟರ್, ಹಳೇದರ ರಬ್ಬರ್ ಇಂಜಿನ್ನಿಗೆ ಅಂಟ್ಕೊಂಡು ಉಳಿದಿಲ್ಲ ಅಂತ ಬೆರಳಿಟ್ಟು ನೋಡಿ, ಹೊಸದರ ರಬ್ಬರಿಗೆ ಸ್ವಲ್ಪ ಹೊಸ ಆಯಿಲ್ ಸವರಿ, ಕೈಯಲ್ಲೇ ತಿರುಗಿಸಿ, ತಾಗಿದ ಮೇಲೆ ಇನ್ನೊಂದು ಮುಕ್ಕಾಲು ಸುತ್ತು. ಸ್ಪ್ಯಾನರ್ ಬೇಡವೇ ಬೇಡ. ಜಾಕ್ ಒಂದನ್ನೇ ನಂಬಿ ಯಾರೂ ಕಾರಿನಡಿ ತಲೆ ಹಾಕ್ಬೇಡಿ, ಇದು ಕೈಮುಗಿದು ಹೇಳೋ ಮಾತು. ಜಾಕ್ ಸ್ಟ್ಯಾಂಡ್ ಇರ್ಲಿ, ಇಲ್ಲಾಂದ್ರೆ ಕಬ್ಬಿಣದ ರ‍್ಯಾಂಪ್ ಇರ್ಲಿ, ನೆಲ ಸಿಮೆಂಟಿಂದಾಗಿರ್ಲಿ, ಅಂಗಳದ ಹಸಿ ಮಣ್ಣಲ್ಲಿ ಜಾಕ್ ನಿಲ್ಲಲ್ಲ.

ಹಳೇ ಆಯಿಲ್ ವಿಷಯ. ನಮ್ಮ ಕಡೆ ಅದನ್ನ ಬೇಲಿ ಗೂಟಕ್ಕೆ ಹಚ್ತಾರೆ ಗೆದ್ದಲು ಹಿಡೀಬಾರದು ಅಂತ, ಕೆಲವರು ಚರಂಡಿಗೆ ಸುರೀತಾರೆ. ನಾವು ಮೊದಲು ಗೂಟಕ್ಕೇ ಹಚ್ತಿದ್ವಿ. ಈಗ ಇಲ್ಲ. ಮೊದಲ ಮಳೆಗೆ ತೊಳೆದು ಅದು ಹೋಗೋದು ಕೆಳಗಿನ ಹಳ್ಳಕ್ಕೆ, ಆ ನೀರನ್ನ ಕೆಳಗಿನ ಊರಿನೋರು ಕುಡೀತಾರೆ. ಕ್ಯಾನಿಗೆ ತುಂಬಿ ಭಾಯ್ ಗ್ಯಾರೇಜಿನ ಡ್ರಮ್ಮಿಗೆ ಹಾಕ್ತೀನಿ, ಅಲ್ಲಿಂದ ತಗೊಂಡು ಹೋಗೋರಿದಾರೆ.

ಇಲಿ ಬಗ್ಗೆ ಬರೀದಿದ್ರೆ ಮಲೆನಾಡಿನ ಕಾರಿನ ಕಥೆ ಆಗಲ್ಲ. ಈ ಜುಲೈಯಲ್ಲಿ ಒಂದು ಬೆಳಗ್ಗೆ ಸ್ಟಾರ್ಟ್ ಮಾಡಿದ್ರೆ ಗಾಡಿ ಗಡಗಡ ನಡುಗ್ತಿದೆ, ಚೆಕ್ ಇಂಜಿನ್ ಲೈಟ್ ಹತ್ತಿದೆ. ಸ್ಟೀರಿಂಗ್ ಕೆಳಗಿನ ಪೋರ್ಟಿಗೆ ಹಾಕೋ ಬ್ಲೂಟೂತ್ ಸ್ಕ್ಯಾನರ್ ಒಂದು ತಂದಿಟ್ಟಿದ್ದೆ, ಹಾಕಿದೆ, ಪಿ0301 ಅಂತ ಬಂತು, ಅಂದ್ರೆ ಒಂದನೇ ಸಿಲಿಂಡರ್ ಸರಿಯಾಗಿ ಉರೀತಿಲ್ಲ. ಬಾನೆಟ್ ಎತ್ತಿದ್ರೆ ಇಗ್ನಿಷನ್ ಕಾಯಿಲ್ಲಿನ ವೈರ್ ಇಲಿ ಕಡಿದು ತಾಮ್ರ ಕಾಣ್ತಿದೆ, ಪಕ್ಕದಲ್ಲಿ ಒಣ ಎಲೆ ಗೂಡು. ಇಲಿ ಕಡಿದಿದ್ದಕ್ಕೆ ವಾರಂಟಿ ಬರಲ್ಲ. ಸರ್ವಿಸ್ ಸೆಂಟರಲ್ಲಿ ಇಡೀ ವೈರಿಂಗ್ ಸೆಟ್ಟೇ ಬದಲಾಯಿಸ್ಬೇಕು, 22 ಸಾವಿರ ಆಗುತ್ತೆ ಅಂದ್ರು. ಪೇಟೆಯ ಆಟೋ ಎಲೆಕ್ಟ್ರಿಷಿಯನ್ ಹೊಸ ವೈರ್ ತುಂಡು ಬೆಸುಗೆ ಹಾಕಿ, ಹೀಟ್ ಸ್ಲೀವ್ ಹಾಕಿ 600 ತಗೊಂಡ್ರು, ನಾಲ್ಕು ವೈರ್ ಕಡಿದಿದ್ರೆ ಅಷ್ಟೇ ಕೆಲಸ. ಈಗ ರಾತ್ರಿ ಬಾನೆಟ್ ಎತ್ತಿಟ್ಟು ಶೆಡ್ಡಿನ ಲೈಟ್ ಹಾಕಿಡ್ತೀವಿ, ಕತ್ತಲು ಮತ್ತು ಬೆಚ್ಚಗಿನ ಜಾಗ ಎರಡೂ ಸಿಕ್ದಿದ್ರೆ ಅವು ಬರೋದು ಕಮ್ಮಿ.

ಕಾನೂನಿನ ಒಂದು ಮಾತು. 2014ರ ಆಗಸ್ಟಲ್ಲಿ ಕಾಂಪಿಟಿಷನ್ ಕಮಿಷನ್ ಆಫ್ ಇಂಡಿಯಾ (ಕಂಪನಿಗಳ ಪೈಪೋಟಿ ನ್ಯಾಯವಾಗಿದೆಯಾ ಅಂತ ನೋಡೋ ಆಯೋಗ) 14 ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತ್ತು. ಅಸಲಿ ಸ್ಪೇರ್ ಪಾರ್ಟು, ರಿಪೇರಿ ಮಾಹಿತಿ, ಟೂಲ್ಸು ಎಲ್ಲ ಬರೀ ಡೀಲರಿಗೆ ಕೊಟ್ಟು ಹೊರಗಿನ ಮೆಕ್ಯಾನಿಕ್ಕಿಗೆ ಸಿಗದಂಗೆ ಮಾಡಿದಾರೆ ಅನ್ನೋದಕ್ಕೆ. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ಸಾರಾಸಗಟಾಗಿ ವಾರಂಟಿ ರದ್ದು ಅನ್ನೋ ಷರತ್ತು ಇಡಬೇಡಿ ಅಂತಲೂ ಹೇಳಿತ್ತು. ಆಮೇಲೆ ಅದು ಅಪೀಲುಗಳಿಗೆ ಹೋಯ್ತು. 2022ರ ಡಿಸೆಂಬರಲ್ಲಿ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರ ಇಲಾಖೆ ರೈಟ್ ಟು ರಿಪೇರ್ ಅಂತ ಪೋರ್ಟಲ್ ಶುರು ಮಾಡ್ತು, ವಾಹನಗಳೂ ಅದರಲ್ಲಿ ಸೇರಿವೆ. ಇದೆಲ್ಲ ಓದಿದ ಮೇಲೂ ನಾನು ವಾರಂಟಿ ಮುಗಿಯೋವರೆಗೆ ದೊಡ್ಡ ಕೆಲಸ ಯಾವುದನ್ನೂ ಹೊರಗೆ ಮಾಡಿಸ್ಲಿಲ್ಲ, ಬ್ರೇಕ್ ಆಯಿಲ್ ಮತ್ತೆ ಇಲಿ ಕಡಿದ ವೈರ್ ಬಿಟ್ಟು. ಸ್ಟೀರಿಂಗ್ ಥರದ್ದು ಇನ್ನೊಂದು ಬಂದಿದ್ರೆ ಕಮಿಷನ್ನಿನ ಆರ್ಡರ್ ಹಿಡ್ಕೊಂಡು ಕೌಂಟರಲ್ಲಿ ವಾದ ಮಾಡೋ ಶಕ್ತಿ ನನಗಿರ್ಲಿಲ್ಲ.

ಹಂಗಾದ್ರೆ ಈಗ? ನಮ್ಮನೆಯವ್ರಿಗೆ ಸರ್ವಿಸ್ ಸೆಂಟರೇ ಇರ್ಲಿ ಅಂತಿದೆ, ಮುಂದೆ ಮಾರೋವಾಗ ಸರ್ವಿಸ್ ರೆಕಾರ್ಡ್ ಇದ್ರೆ ಒಳ್ಳೆ ರೇಟ್ ಬರುತ್ತೆ ಅಂತಾರೆ. ಮಾತು ಸುಳ್ಳಲ್ಲ. ಆದ್ರೆ ನಾವು ಈ ಕಾರನ್ನ ಇನ್ನು ಏಳೆಂಟು ವರ್ಷ ಮಾರಲ್ಲ, ಆಮೇಲೆ ಯಾವ ರೆಕಾರ್ಡು, ಯಾವ ರೇಟು. ನಾನು ಒಂದು ನೋಟ್ ಬುಕ್ ಇಡ್ತೀನಿ, ತಾರೀಕು, ಕಿಲೋಮೀಟ್ರು, ಯಾವ ಗ್ರೇಡ್ ಆಯಿಲ್, ಅಂಗಡಿ ಬಿಲ್ಲು ಅಂಟಿಸಿ, ಕೊಳ್ಳೋರು ಅದನ್ನ ನೋಡ್ಲಿ.

ಆಯಿಲ್, ಮೂರು ಫಿಲ್ಟರ್, ವೈಪರ್, ಬ್ಯಾಟರಿ ಟರ್ಮಿನಲ್ಲು, ಟೈರ್ ಗಾಳಿ ಇಷ್ಟೂ ನನ್ನ ಕೈ. ಅದೇ ಗ್ರೇಡ್ ಆಯಿಲ್, ಅದೇ ಕಂಪನಿ ಫಿಲ್ಟರ್‌ಗಳು ಪೇಟೆಯ ಸ್ಪೇರ್ ಅಂಗಡಿಯಲ್ಲಿ 2,950 ಆಯ್ತು, ಟೂಲ್ಸಿಗೆ ಖರ್ಚು ಮಾಡಿದ್ದು ಲೆಕ್ಕ ಹಾಕಿದ್ರೆ ಮೊದಲ ವರ್ಷ ಉಳಿತಾಯ ಏನೂ ಇಲ್ಲ, ಅದು ಗೊತ್ತಿದ್ದೇ ಮಾಡ್ತಿದೀನಿ. ಬ್ರೇಕು, ಸಸ್ಪೆನ್ಷನ್ನು, ಕ್ಲಚ್ಚು ಭಾಯ್ ಗ್ಯಾರೇಜು, ನಾನು ಪಕ್ಕದಲ್ಲಿ ನಿಂತು. ಅಲೈನ್‌ಮೆಂಟ್ ಟೈರ್ ಅಂಗಡಿ. ಏರ್‌ಬ್ಯಾಗು, ಎಬಿಎಸ್ಸು (ಜೋರಾಗಿ ಬ್ರೇಕ್ ಒತ್ತಿದ್ರೂ ಚಕ್ರ ಲಾಕ್ ಆಗದಂಗೆ ನೋಡೋದು), ಸ್ಟೀರಿಂಗ್ ಕಂಪ್ಯೂಟರ್ ಇವಕ್ಕೆ ಸರ್ವಿಸ್ ಸೆಂಟರ್ರೇ, ದುಡ್ಡು ಎಷ್ಟಾದ್ರೂ ಸರಿ, ಹಳದಿ ಕನೆಕ್ಟರ್ ಇರೋ ಏರ್‌ಬ್ಯಾಗ್ ವೈರನ್ನ ಮುಟ್ಟೋ ಧೈರ್ಯ ಯಾರೂ ಮಾಡ್ಬಾರದು. ಜೊತೆಗೆ ಆರು ತಿಂಗಳಿಗೊಂದು ಸಲ ಕಂಪನಿ ವೆಬ್‌ಸೈಟಲ್ಲಿ ಚಾಸಿಸ್ ನಂಬರ್ ಹಾಕಿ ರೀಕಾಲ್, ಅಂದ್ರೆ ದೋಷ ಇದೆ ಅಂತ ಕಂಪನಿಯೇ ಗಾಡಿ ವಾಪಸ್ ಕರೆದಿರೋದು, ಏನಾದ್ರೂ ಇದೆಯಾ ಅಂತ ನೋಡ್ತೀನಿ, ರೀಕಾಲ್ ಇದ್ರೆ ಅವರೇ ಫ್ರೀಯಾಗಿ ಮಾಡ್ಕೊಡ್ತಾರೆ.

ಸೋಮವಾರ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ಈ ಸಲ ಬುಕಿಂಗ್ ಬೇಡ ಅಂತ ಹೇಳ್ದೆ. ಸ್ಟೀರಿಂಗ್ ಸರಿ ಮಾಡಿಸ್ಕೊಟ್ಟ ಹುಡುಗ ಈಗ್ಲೂ ಅಲ್ಲೇ ಇದಾನಾ ಅಂತ ಕೇಳ್ದೆ, ಇದಾನಂತೆ, ಅವನಿಗೊಂದು ನಮಸ್ಕಾರ ಹೇಳಿ ಅಂದೆ. ಆಯುಧಪೂಜೆಗೆ ಗಾಡಿ ತೊಳೆಯೋಕೆ ಮುಂಚೆ ಆಯಿಲ್ ಕೆಲಸ ಮುಗಿಸ್ಬೇಕು, ಅಪ್ಪ ಸ್ಟೂಲ್ ಈಗ್ಲೇ ಶೆಡ್ಡಿಗೆ ತಗೊಂಡು ಹೋಗಿಟ್ಟಿದಾರೆ. ವಾಷರ್ ಎರಡು ತಂದಿದೀನಿ.